ಮನೆಯ ಹಳೆ ಕಂಪ್ಯೂಟರಿಗೆ, ಮಗನ ಗೇಮ್‌ಗೆ ಯಾವ ಲಿನಕ್ಸ್ ಹಾಕಲಿ?

ಓದುಗರ ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರ ಇರುವುದು. ಮನೆಯಲ್ಲಿ 2017ರಲ್ಲಿ ತೆಗೆದುಕೊಂಡ ಕಂಪ್ಯೂಟರ್ ಉಂಟು. 6ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ ಕಾರ್ಡ್. ಇದಕ್ಕೆ ವಿಂಡೋಸ್ 11 ಆಗುವುದಿಲ್ಲವಂತೆ. ಒಂಬತ್ತನೇ ಕ್ಲಾಸಿನ ಮಗ "ಶಾಲೆಯಲ್ಲಿ ಇರುವ ಉಬುಂಟು ಹಾಕುವಾ ಅಮ್ಮ, ದುಡ್ಡು ಕೊಡ್ಲಿಕ್ಕಿಲ್ಲ" ಅನ್ನುತ್ತಾನೆ. ಅವನಿಗೆ ಗೇಮ್ ಆಡಬೇಕು. ನನಗೆ ಕನ್ನಡದಲ್ಲಿ ಟೈಪ್ ಮಾಡಲಿಕ್ಕೆ ಆದರೆ ಸಾಕು. ಯಾವುದು ಹಾಕಬಹುದು?

ಉತ್ತರ: ಅಕ್ಕ, ಲಿನಕ್ಸ್ ಮಿಂಟ್ ಹಾಕಿ. ಅದರಲ್ಲಿ ಸಿನಮನ್ ಅನ್ನುವ ಆವೃತ್ತಿ. (ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಉಬುಂಟು, ಮಿಂಟ್ ಎಲ್ಲ ಅದರ ಬಗೆಗಳು.) ಆದರೆ ಡೌನ್‌ಲೋಡ್ ಮಾಡುವ ಮೊದಲು ಮಗನ ಕೈಗೆ ಒಂದು ಹಾಳೆ ಕೊಟ್ಟು, ಯಾವ ಯಾವ ಗೇಮ್ ಆಡಬೇಕು ಅಂತ ಬರೆಯಲು ಹೇಳಿ. ಲಿನಕ್ಸ್ ಹಾಕಬೇಕಾ ಬೇಡವಾ ಅನ್ನುವುದನ್ನು ನಿಜವಾಗಿ ತೀರ್ಮಾನಿಸುವುದು ಆ ಹಾಳೆ.

ನಿಮ್ಮ ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ಬೇರೆ ಊರುಗಳಲ್ಲಿ ಲಿನಕ್ಸ್ ಅಂದರೆ ಎಂಜಿನಿಯರಿಂಗ್ ಹುಡುಗರ ವಿಷಯ ಅನ್ನುವ ಹೆದರಿಕೆ ಇನ್ನೂ ಇದೆ. ಕಾಸರಗೋಡಿನ ಮಕ್ಕಳಿಗೆ ಹಾಗಲ್ಲ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್‌ನಲ್ಲಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾದ ಯೋಜನೆ ಈಗ ಕೈಟ್ ಅನ್ನುವ ಸರಕಾರಿ ಸಂಸ್ಥೆ ಆಗಿದೆ. ಅವರು ಶಾಲೆಗಳಿಗೆ ಕೊಡುವ ವ್ಯವಸ್ಥೆ ಉಬುಂಟುವಿನ ಮೇಲೆ ಕಟ್ಟಿದ್ದು. ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯನ್ನೂ ಅದರಲ್ಲೇ ಬರೆಯುತ್ತಾರೆ. ಮಿಂಟ್ ಕೂಡ ಉಬುಂಟುವಿನ ಮೇಲೆಯೇ ನಿಂತಿದೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ಹತ್ತು ನಿಮಿಷದಲ್ಲಿ ನಿಮಗೂ ಕೈಹಿಡಿಯುತ್ತದೆ.

ಹಾಗಾದರೆ ನೇರ ಉಬುಂಟುವೇ ಯಾಕಾಗಬಾರದು? ಆಗಬಹುದು. ಆದರೆ ಅದರ ಆಪ್ ಅಂಗಡಿಯಲ್ಲಿ ಸ್ಟೀಮ್ (ಗೇಮ್ ಕೊಂಡು, ಇಳಿಸಿ ಆಡುವ ಆಪ್) ಹುಡುಕಿದರೆ ಸ್ನ್ಯಾಪ್ ಅನ್ನುವ ಪ್ಯಾಕೇಜ್ ರೂಪದ ಸ್ಟೀಮ್ ಸಿಗುತ್ತದೆ. ಅದರಲ್ಲಿ ಗೇಮ್‌ಗಳು ತಕರಾರು ಮಾಡುವುದು ಜಾಸ್ತಿ. ಮಿಂಟ್‌ನವರು ಸ್ನ್ಯಾಪನ್ನು ಮೊದಲೇ ಹೊರಗಿಟ್ಟಿದ್ದಾರೆ. ಅದರ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಎರಡು ರೂಪದಲ್ಲಿ ಕಾಣಬಹುದು. ಫ್ಲ್ಯಾಟ್‌ಪ್ಯಾಕ್ ಬಿಟ್ಟು, ಸಿಸ್ಟಮ್ ಪ್ಯಾಕೇಜ್ ಅಂತ ಇರುವುದನ್ನು ಆರಿಸಿ.

ಇನ್ನು ಮುಖ್ಯ ವಿಷಯ. ವಿಂಡೋಸ್‌ಗೆ ಅಂತ ಮಾಡಿದ ಗೇಮ್ ಲಿನಕ್ಸ್‌ನಲ್ಲಿ ಹೇಗೆ ಓಡುತ್ತದೆ? ನಮ್ಮ ಪೇಟೆಯ ಅಂಗಡಿಯವರನ್ನು ನೆನೆಸಿಕೊಳ್ಳಿ. ಮಲಯಾಳದಲ್ಲಿ ಕೇಳಿದರೆ ಮಲಯಾಳದಲ್ಲಿ, ತುಳುವಿನಲ್ಲಿ ಕೇಳಿದರೆ ತುಳುವಿನಲ್ಲಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ. ಗಿರಾಕಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರೋಟಾನ್ ಅನ್ನುವ ಸಾಫ್ಟ್‌ವೇರ್ ಮಾಡುವುದು ಇದೇ ಕೆಲಸ. ಗೇಮ್ ವಿಂಡೋಸ್ ಭಾಷೆಯಲ್ಲಿ ಕೇಳುತ್ತದೆ, ಪ್ರೋಟಾನ್ ಅದನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ದಾಟಿಸುತ್ತದೆ. 1993ರಿಂದ ಬೆಳೆದು ಬಂದ ವೈನ್ ಅನ್ನುವ ಸಾಫ್ಟ್‌ವೇರ್ ಇದರ ಬುಡ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನನ್ನು ಬಿಡುಗಡೆ ಮಾಡಿತು. 2022ರಲ್ಲಿ ಸ್ಟೀಮ್ ಡೆಕ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರ ಬಂತು. ಅದರೊಳಗೆ ಇರುವುದೂ ಲಿನಕ್ಸೇ. ಆಮೇಲೆ ಈ ಕೆಲಸಕ್ಕೆ ತುಂಬಾ ವೇಗ ಬಂತು. ದಿ ವಿಚರ್ 3, ರೆಡ್ ಡೆಡ್ ರಿಡೆಂಪ್ಶನ್ 2, ಎಲ್ಡನ್ ರಿಂಗ್ ಎಲ್ಲ ಹೀಗೆಯೇ ಓಡುತ್ತವೆ. ಯೂರೋ ಟ್ರಕ್ ಸಿಮ್ಯುಲೇಟರ್ 2, ಕೌಂಟರ್ ಸ್ಟ್ರೈಕ್ 2, ಡೋಟಾ 2, ಟೆರೇರಿಯಾ, ಸ್ಟಾರ್‌ಡ್ಯೂ ವ್ಯಾಲಿ ಇವಕ್ಕೆ ಪ್ರೋಟಾನ್ ಕೂಡ ಬೇಡ. ಲಿನಕ್ಸ್‌ಗೆ ಅಂತಲೇ ಮಾಡಿದ ರೂಪ ಉಂಟು. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯೂ ಹಾಗೆಯೇ.

ಆದರೆ ಹಾಳೆಯಲ್ಲಿ ವ್ಯಾಲರೆಂಟ್ ಅಂತ ಬರೆದಿದ್ದರೆ? ಅದು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಫೋರ್ಟ್‌ನೈಟ್, ಕಂಪ್ಯೂಟರಿನ ಪಬ್ಜಿ, ಲೀಗ್ ಆಫ್ ಲೆಜೆಂಡ್ಸ್ ಇವೂ ಇಲ್ಲ. ಫುಟ್‌ಬಾಲ್ ಹುಚ್ಚು ಇರುವ ಮಕ್ಕಳಿಗೆ ಬೇಸರದ ಸುದ್ದಿ ಇನ್ನೊಂದು: ಇಎ ಎಫ್‌ಸಿಯ ಹೊಸ ಆವೃತ್ತಿಗಳೂ ಆಗುವುದಿಲ್ಲ. ಕಾರಣ, ಮೋಸದಾಟ ಹಿಡಿಯುವ ಆಂಟಿ-ಚೀಟ್ ಸಾಫ್ಟ್‌ವೇರ್. ವ್ಯಾಲರೆಂಟ್‌ನ ವ್ಯಾನ್‌ಗಾರ್ಡ್‌ನಂಥವು ವಿಂಡೋಸ್‌ನ ತೀರಾ ಒಳಗೆ, ಕರ್ನಲ್‌ನಲ್ಲೇ ಕುಳಿತು ಕಾವಲು ಕಾಯುತ್ತವೆ. ಲಿನಕ್ಸ್‌ನಲ್ಲಿ ಆ ಜಾಗವೇ ಬೇರೆ. ಇನ್ನು ಕೆಲವು ಆಂಟಿ-ಚೀಟ್‌ಗಳು ಲಿನಕ್ಸ್‌ಗೂ ಒಗ್ಗುತ್ತವೆ, ಆದರೆ ಗೇಮ್ ಕಂಪನಿಯವರು ಒಪ್ಪಬೇಕು. ಒಪ್ಪಿದವರೂ ಮನಸ್ಸು ಬದಲಿಸಬಹುದು. ಏಪೆಕ್ಸ್ ಲೆಜೆಂಡ್ಸ್ ಚೆನ್ನಾಗಿ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ನವರಿಗೆ ಬಾಗಿಲು ಹಾಕಿದರು. ಜಿಟಿಎ 5ರ ಕತೆಯ ಭಾಗ ಈಗಲೂ ಆಡಬಹುದು, ಜಿಟಿಎ ಆನ್‌ಲೈನ್ ಮಾತ್ರ 2024ರ ಸೆಪ್ಟೆಂಬರ್‌ನಿಂದ ಇಲ್ಲ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, "ಈ ಲಿನಕ್ಸ್ ಹಾಕಿ, ಎಲ್ಲ ಗೇಮ್ ಓಡುತ್ತದೆ" ಅನ್ನುವ ವಿಡಿಯೋಗಳನ್ನು ಮಕ್ಕಳು ನೋಡುತ್ತಾರೆ. ಆಂಟಿ-ಚೀಟ್ ಬಿಡದ ಗೇಮನ್ನು ಮಿಂಟ್ ಆದರೂ ಅಷ್ಟೆ, ಬೇರೆ ಯಾವುದಾದರೂ ಅಷ್ಟೆ, ಓಡಿಸಲಾಗದು. ಅಡ್ಡದಾರಿ ಹಿಡಿದರೆ ಮಗುವಿನ ಖಾತೆಯೇ ಬಂದ್ ಆಗಬಹುದು. ಉಳಿದ ಗೇಮ್‌ಗಳ ಹೆಸರನ್ನು ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ಹಾಕಿ ನೋಡಿ. ಆಡಿದವರೇ ಅಂಕ ಕೊಟ್ಟಿರುತ್ತಾರೆ. ಪ್ಲಾಟಿನಂ, ಗೋಲ್ಡ್ ಅಂತಿದ್ದರೆ ಧೈರ್ಯವಾಗಿ ಹೋಗಬಹುದು. ಬೋರ್ಕ್ಡ್ ಅಂತಿದ್ದರೆ ಆ ಗೇಮ್‌ನ ಆಸೆ ಬಿಡಬೇಕು.

ನಿಮ್ಮ ಯಂತ್ರದ ವಿಷಯ. ವಿಂಡೋಸ್ 11 ಕೇಳುವುದು 8ನೇ ತಲೆಮಾರಿನ ಅಥವಾ ಅದರ ನಂತರದ ಇಂಟೆಲ್ ಪ್ರೊಸೆಸರ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮಿಂಟ್‌ಗೆ ನಿಮ್ಮ ಐ5 ಧಾರಾಳ ಸಾಕು. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 1050 ಟಿಐ ಹಳೆಯದಾದರೂ ಒಳ್ಳೆಯ ಕಾರ್ಡ್. ಒಂದೇ ಎಚ್ಚರಿಕೆ: ಎನ್ವಿಡಿಯಾದ 580 ಸರಣಿಯ ಡ್ರೈವರೇ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಈ ಕಾರ್ಡಿಗೆ ಕೊನೆಯದು. ಹಾಗಾಗಿ ಕ್ಯಾಶಿಓಎಸ್‌ನಂಥ, ದಿನದಿನವೂ ಹೊಸ ಡ್ರೈವರ್ ತರುವ ಲಿನಕ್ಸ್‌ಗಳ ಕಡೆ ಹೋಗಬೇಡಿ. ಅವು ವೇಗದವು ನಿಜ, ಆದರೆ ಹೊಸ ಕಾರ್ಡ್ ಇರುವವರಿಗೆ ಸರಿ. ಡೈರೆಕ್ಟ್ಎಕ್ಸ್ 12 ಮಾತ್ರ ಬಳಸುವ ತೀರಾ ಹೊಸ ಗೇಮ್‌ಗಳು ಈ ಕಾರ್ಡಿನಲ್ಲಿ ನಿಧಾನವಾಗುತ್ತವೆ, ಅದನ್ನೂ ಮಗನಿಗೆ ಮೊದಲೇ ಹೇಳಿಬಿಡಿ. ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ ಎಸ್‌ಎಸ್‌ಡಿ ಇಲ್ಲದಿದ್ದಲ್ಲಿ ಮೊದಲು ಅದು, ಆಮೇಲೆ ಇನ್ನೊಂದು 8 ಜಿಬಿ ರ್‍ಯಾಮ್.

ಹಾಕುವ ದಿನ ಮೊದಲು ಫೋಟೋ, ಕಾಗದಪತ್ರ ಎಲ್ಲ ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. 8 ಜಿಬಿಯ ಪೆನ್‌ಡ್ರೈವ್ ಸಾಕು, ರೂಫಸ್ ಅನ್ನುವ ಸಾಫ್ಟ್‌ವೇರ್‌ನಿಂದ ಅದಕ್ಕೆ ಮಿಂಟ್ ಬರೆಯಿರಿ. ಪೆನ್‌ಡ್ರೈವ್‌ನಿಂದಲೇ ಮಿಂಟ್ ಶುರುವಾಗುತ್ತದೆ, ಕಂಪ್ಯೂಟರಿನಲ್ಲಿದ್ದದ್ದು ಏನೂ ಅಳಿಯುವುದಿಲ್ಲ. ವೈಫೈ ಸಿಗುತ್ತದಾ, ಶಬ್ದ ಬರುತ್ತದಾ, ಪ್ರಿಂಟರ್ ಕಾಣುತ್ತದಾ ನೋಡಿ. ಎಲ್ಲ ಸರಿಯಿದ್ದರೆ ಮಾತ್ರ ಮುಂದೆ.

ಹಾಕಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು, ಶಿಫಾರಸು ಮಾಡಿದ ಎನ್ವಿಡಿಯಾ ಡ್ರೈವರ್ ಆರಿಸಿ. ಇಲ್ಲೇ ಅನೇಕರು ಎಡವುವುದು. ನಮ್ಮ ಅಕ್ಕನ ಮನೆಯಲ್ಲಿ ನನಗೂ ಆದದ್ದು ಇದೇ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಮಾಡಿ ಚಾ ತರಲು ಒಳಗೆ ಹೋದೆ. ಅಷ್ಟರಲ್ಲಿ ಒಂದು ನೀಲಿ ಪರದೆ ಬಂದು, ಹತ್ತು ಸೆಕೆಂಡು ಕಾದು, ಹೋಗಿಬಿಟ್ಟಿತ್ತು. ಕಂಪ್ಯೂಟರ್ ಮಾಮೂಲಿಯಂತೆ ತೆರೆಯಿತು. ಆದರೆ ಗೇಮ್ ಹಾಕಿದರೆ ಚಿತ್ರ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಆ ನೀಲಿ ಪರದೆಯಲ್ಲಿ ಕೀಲಿ ಒತ್ತಿ, "ಎನ್‌ರೋಲ್ ಎಂಒಕೆ" ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಡ್ರೈವರಿಗೆ ಒಳಗೆ ಪ್ರವೇಶ. ಸೆಕ್ಯೂರ್ ಬೂಟ್ (ಅಪರಿಚಿತ ಸಾಫ್ಟ್‌ವೇರನ್ನು ಶುರುವಿನಲ್ಲೇ ತಡೆಯುವ ಭದ್ರತೆ) ಆನ್ ಇರುವ ಯಂತ್ರಗಳಲ್ಲಿ ಇದು ಬರುತ್ತದೆ. ತಪ್ಪಿಹೋದರೆ ಗಾಬರಿ ಬೇಡ. ಕಂಪ್ಯೂಟರ್ ಆನ್ ಆಗುವಾಗ ಸಿಗುವ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಸರಿಹೋಗುತ್ತದೆ.

ಇನ್ನೊಂದು ಕಡೆ ಕೈ ಸುಡುತ್ತದೆ. ವಿಂಡೋಸ್‌ನಲ್ಲಿದ್ದಾಗ ಡಿ ಡ್ರೈವ್‌ನಲ್ಲಿ ಇಳಿಸಿಟ್ಟ ಗೇಮ್‌ಗಳನ್ನೇ ಸ್ಟೀಮ್‌ಗೆ ತೋರಿಸೋಣ ಅನ್ನಿಸುತ್ತದೆ, ಅಲ್ವಾ? ಪ್ಲೇ ಒತ್ತಿದರೆ ಬಟನ್ ಒಮ್ಮೆ ಬದಲಾಗಿ, ಸುಮ್ನೆ ಮತ್ತೆ ಪ್ಲೇ ಅಂತಲೇ ನಿಲ್ಲುತ್ತದೆ. ಆ ಡ್ರೈವ್ ವಿಂಡೋಸಿನ ಎನ್‌ಟಿಎಫ್‌ಎಸ್ ರೂಪದಲ್ಲಿದೆ. ಪ್ರೋಟಾನ್ ಮಾಡುವ ಕೆಲವು ಕಡತಗಳ ಹೆಸರಿನಲ್ಲಿ ಎರಡು ಚುಕ್ಕಿಯ ಗುರುತು (:) ಇರುತ್ತದೆ, ಎನ್‌ಟಿಎಫ್‌ಎಸ್‌ಗೆ ಅದು ಆಗದು. ಗೇಮ್ ಇಡುವ ಡ್ರೈವನ್ನು ಲಿನಕ್ಸಿನ ಎಕ್ಸ್ಟ್4 (ext4) ರೂಪಕ್ಕೆ ಫಾರ್ಮ್ಯಾಟ್ ಮಾಡಿಬಿಡಿ. ಹಾಗೆ ಮಾಡಿದರೆ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ, ನೆನಪಿಡಿ.

ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ಅನ್ನುವ ಜಾಗದಲ್ಲಿ ಎಲ್ಲ ಗೇಮ್‌ಗೂ ಪ್ರೋಟಾನ್ ಆನ್ ಇದೆಯಾ ನೋಡಿ. ಮೊದಲ ಸಲ ಗೇಮ್ ತೆರೆಯುವಾಗ "ಶೇಡರ್" ಅಂತ ಏನೋ ಲೆಕ್ಕ ನಡೆಯುತ್ತದೆ. ಹಾಳಾಯಿತು ಅಂದುಕೊಂಡು ನಿಲ್ಲಿಸಬೇಡಿ, ಮುಗಿಯಲಿ ಬಿಡಿ. ಎಪಿಕ್, ಗಾಗ್ ಅಂಗಡಿಯ ಗೇಮ್‌ಗಳಿಗೆ ಹೀರೋಯಿಕ್ ಅನ್ನುವ ಆಪ್ ಇದೆ.

ಮಳೆಗಾಲದ ಮಾತು ಬಿಡುವಂತಿಲ್ಲ. ಆಟಿ ತಿಂಗಳಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದು. ಅಪ್‌ಡೇಟ್ ನಡುವೆ ಹೋದರೆ ಮಿಂಟ್ ಅರ್ಧಕ್ಕೆ ನಿಲ್ಲಬಹುದು. ಅದಕ್ಕೇ ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಇದೆ. ಮೊದಲ ದಿನವೇ ಅದನ್ನು ಸಜ್ಜು ಮಾಡಿ, ವಾರಕ್ಕೊಂದು ಪ್ರತಿ ಉಳಿಸುವಂತೆ ಇಡಿ. ಕೆಟ್ಟರೆ ಹಿಂದಿನ ವಾರದ ಸ್ಥಿತಿಗೆ ಹೋಗಬಹುದು. ಈ ಒಂದು ವಿಷಯದಲ್ಲಿ ಬಝೈಟ್ ಮಿಂಟ್‌ಗಿಂತ ಮೇಲು. ಫೆಡೋರಾದ ಮೇಲೆ ಕಟ್ಟಿದ ಆ ಲಿನಕ್ಸ್ ಅಪ್‌ಡೇಟನ್ನು ಬೇರೆಯೇ ಪ್ರತಿಯಾಗಿ ತಯಾರು ಮಾಡಿ, ಮುಂದಿನ ಸಲ ಆನ್ ಮಾಡುವಾಗ ಬಳಸುತ್ತದೆ. ಅರ್ಧಕ್ಕೆ ನಿಂತರೂ ಹಳೆಯದು ಹಾಗೇ ಇರುತ್ತದೆ. ಸ್ಟೀಮ್ ಒಳಗೇ ಬರುತ್ತದೆ. ಟಿವಿಗೆ ಜೋಡಿಸಿ ಬರೀ ಗೇಮ್ ಆಡುವ ಯಂತ್ರವಾದರೆ ನಾನು ಅದನ್ನೇ ಹೇಳುತ್ತಿದ್ದೆ. ನಿಮ್ಮದು ಹಾಗಲ್ಲ. ಅದೇ ಯಂತ್ರದಲ್ಲಿ ಪಾಠದ ಸಾಫ್ಟ್‌ವೇರ್ ಬೇಕು, ನಿಮ್ಮ ಬರವಣಿಗೆಯೂ ಆಗಬೇಕು. ಮಗ ಶಾಲೆಯಲ್ಲಿ ಕಲಿತ ಉಬುಂಟು ರೀತಿ ಬಝೈಟ್‌ನಲ್ಲಿ ನಡೆಯುವುದಿಲ್ಲ. ಅದಕ್ಕೆ ಮಿಂಟ್ ಅಂದದ್ದು.

ನಿಮ್ಮ ಕನ್ನಡಕ್ಕೆ ಬೇರೆ ಏನೂ ಇಳಿಸಬೇಕಾಗಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಹುಡುಕಿ, ಕಗಪ ಅಂತ ಬರೆದಿರುವುದನ್ನು ಸೇರಿಸಿ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದರೆ ಹೆಚ್ಚಿನ ಅಕ್ಷರಗಳಿಗೆ ಕೈ ತಾನಾಗಿಯೇ ಹೋಗುತ್ತದೆ. ಮಲಯಾಳ ಬೇಕಿದ್ದರೆ ಅದನ್ನೂ ಅಲ್ಲೇ ಸೇರಿಸಬಹುದು. ಮತ್ತೆ, ಖಾತೆ ಎರಡು ಮಾಡಿ. ಅಡ್ಮಿನಿಸ್ಟ್ರೇಟರ್ ಖಾತೆ ನಿಮ್ಮ ಹೆಸರಿನಲ್ಲಿ, ಮಗನದ್ದು ಸಾಮಾನ್ಯ ಖಾತೆ. ಆಗ ಹೊಸ ಸಾಫ್ಟ್‌ವೇರನ್ನು ಇಡೀ ಕಂಪ್ಯೂಟರಿಗೆ ಹಾಕಬೇಕಾದರೆ ಅವನು ನಿಮ್ಮನ್ನು ಕರೆದು ಪಾಸ್‌ವರ್ಡ್ ಕೇಳಬೇಕಾಗುತ್ತದೆ.