ಬಣ್ಣದ ಹನಿಗಲ್ಲ, ಥಿನ್ನರ್ ಬಾಟ್ಲಿಗೆ ಹೆದರಿ

ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರ ಬಂತೆಂದರೆ ಮಂಗಳೂರಿನಲ್ಲಿ ಮನೆಗಳಿಗೆ ಬಣ್ಣ ಹೊಡೆಸುವ ಕಾಲ. ಪೇಂಟರ್‌ಗಳು ಏಣಿ ಎತ್ತಿಕೊಂಡು ಹೋದ ಮರುದಿನ ನನಗೆ ಫೋನ್ ಬರುತ್ತದೆ. ನಾನು ಮರಕ್ಕೆ ಪಾಲಿಶ್ ಮಾಡುವವನು.

ಬಿಜೈಯ ಒಂದು ಫ್ಲ್ಯಾಟಿನಿಂದ ಬಂದ ಫೋನ್ ನೆನಪಿದೆ. "ಹಾಲ್‌ನ ನೆಲದಲ್ಲಿ ಇಡೀ ಬಿಳಿ ಹನಿ ಉಂಟು ಮಾರಾಯ್ರೆ. ಪೇಪರ್ ಹಾಸಿದ್ರು, ಆದ್ರೂ ಬಿದ್ದಿದೆ." ನಾನು ಬರುವ ತನಕ ಏನೂ ಹಾಕಬೇಡಿ ಅಮ್ಮ ಅಂದೆ. "ಏನೂ ಹಾಕ್ಲಿಲ್ಲ. ಪೇಂಟರ್ ಒಂಚೂರು ಥಿನ್ನರ್‌ನಲ್ಲಿ ಒರೆಸಿ ಕೊಟ್ರು, ಅಷ್ಟೆ."

ಹೋಗಿ ನೋಡಿದರೆ ತೇಗದ ಹಲಗೆ, ಮೇಲೆ ಲ್ಯಾಕರ್ ಪಾಲಿಶ್. ಹನಿಗಳೇನೋ ಹಾಗೇ ಕೂತಿದ್ದವು. ಥಿನ್ನರ್ ಬಟ್ಟೆ ಆಡಿದ ಕಡೆ ಮಾತ್ರ ಅಂಗೈಯಗಲ ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಒರಟು. ಹನಿಗಳನ್ನು ತೆಗೆಯಲು ನನಗೆ ಒಂದು ಬೆಳಗ್ಗೆ ಸಾಕಾಯಿತು. ಆ ಅಂಗೈಯಗಲಕ್ಕೆ ಎರಡು ದಿನ ಬೇಕಾಯಿತು.

ಎಲ್ಲರೂ ಮೊದಲು ಕೇಳುವುದು "ಇದು ಯಾವ ಪೇಂಟ್, ಹೇಗೆ ಹೋಗ್ತದೆ" ಎಂದು. ನಾನು ಮೊದಲು ಕೇಳುವುದು ನೆಲದ ಮೇಲೆ ಯಾವ ಪಾಲಿಶ್ ಇದೆ ಎಂದು. ಬಣ್ಣವನ್ನು ಕರಗಿಸುವ ದ್ರವಕ್ಕೆ ಪಾಲಿಶ್ ಯಾವುದು, ಬಣ್ಣ ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ?

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲಸಕ್ಕೆ ಸೇರಿದ ಹೊಸತು. ಉಡುಪಿ ಕಡೆಯ ಹಳೇ ಹಂಚಿನ ಮನೆ, ಉಪ್ಪರಿಗೆಯಲ್ಲಿ ಹಲಗೆ ನೆಲ. ಎಮಲ್ಶನ್, ಅಂದರೆ ನೀರು ಬೆರೆಸಿ ಗೋಡೆಗೆ ಹೊಡೆಯುವ ಬಣ್ಣದ ಹನಿ ಸ್ಪಿರಿಟ್‌ಗೆ ಮೆತ್ತಗಾಗುತ್ತದೆ ಎಂದು ಯಾರೋ ಹೇಳಿದ್ದರು. ಅದು ನಿಜವೇ. ಹತ್ತಿ ಅದ್ದಿ ಉಜ್ಜಿದೆ, ಹನಿ ಬಂತು. ಹತ್ತಿಯಲ್ಲಿ ಕಂದು ಬಣ್ಣವೂ ಬಂತು. ಅದು ಅರಗಿನ ಪಾಲಿಶ್, ನಾವು ಫ್ರೆಂಚ್ ಪಾಲಿಶ್ ಅನ್ನುವುದು. ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸಿ ಮಾಡುವ ಪಾಲಿಶ್ ಅದು, ಸ್ಪಿರಿಟ್ ಮತ್ತೆ ತಾಗಿದರೆ ಉಳಿಯುತ್ತದೆಯೇ? ಮನೆಯ ಅಜ್ಜ ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು.

ಈಗ ಮೊದಲು ಬಾಗಿಲ ಹಿಂದೆ ಅಥವಾ ಮಂಚದಡಿ ಪರೀಕ್ಷೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ಪಿರಿಟ್ ಮುಟ್ಟಿಸಿ ನೆಲದ ಮೇಲೆ ಅರ್ಧ ನಿಮಿಷ ಇಡಿ. ಅಂಟಂಟಾದರೆ ಅರಗು. ಏನೂ ಆಗದಿದ್ದರೆ ಇನ್ನೊಂದು ಕಡ್ಡಿಯಲ್ಲಿ ಥಿನ್ನರ್. ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್) ತರಹದ ಗಟ್ಟಿ ಪಾಲಿಶ್ ಇರಬಹುದು, ನಿಮ್ಮ ಅದೃಷ್ಟ. ಒಂದು ಹನಿ ನೀರು ಹತ್ತು ನಿಮಿಷದಲ್ಲಿ ಬಿಳಿ ಕಲೆ ಮಾಡಿದರೆ ಮೇಣದ ಪಾಲಿಶ್ ಇರುವ ಸಾಧ್ಯತೆ ಜಾಸ್ತಿ. ಲ್ಯಾಮಿನೇಟ್ ಆದರೆ ಕಥೆಯೇ ಬೇರೆ. ಅದರ ಮೇಲೆ ಕಾಣುವುದು ಮರವಲ್ಲ, ಮರದ ಚಿತ್ರ. ಒಳಗಿರುವುದು ಒತ್ತಿದ ಮರದ ಹುಡಿ. ಸಂದಿಗೆ ನೀರು ಇಳಿದರೆ ಅಂಚು ಉಬ್ಬುತ್ತದೆ, ಮತ್ತೆ ಕೂರುವುದಿಲ್ಲ.

ಇನ್ನು ಹನಿ. ಗೋಡೆಯ ಎಮಲ್ಶನ್ ಆದರೆ ಮೊದಲ ಮದ್ದು ಬಿಸಿನೀರು. ಪಾತ್ರೆ ತೊಳೆಯುವ ಸೋಪು ಎರಡು ತೊಟ್ಟು ಹಾಕಿ, ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ. ಹನಿಯಷ್ಟೇ ಅಗಲಕ್ಕೆ ಮಡಚಿ ಅದರ ಮೇಲೆ ಐದು ನಿಮಿಷ ಇಡಿ. ಅರಗು ಅಥವಾ ಮೇಣದ ನೆಲವಾದರೆ ಒಂದೇ ನಿಮಿಷ, ನೀರೂ ಉಗುರು ಬೆಚ್ಚಗೆ ಇದ್ದರೆ ಸಾಕು. ಆಮೇಲೆ ಹಳೇ ಎಟಿಎಂ ಕಾರ್ಡ್ ತೆಗೆದುಕೊಳ್ಳಿ. ಮರದ ಎಳೆ ಹೋಗುವ ದಿಕ್ಕಿಗೇ, ಕಾರ್ಡನ್ನು ಮಲಗಿಸಿದ ಹಾಗೆ ಹಿಡಿದು ಹನಿಯ ಅಂಚಿನಿಂದ ಮೆಲ್ಲ ದೂಡಿ. ಅಂಚು ಒಮ್ಮೆ ಎದ್ದರೆ ಇಡೀ ಹನಿ ತೆಳು ದೋಸೆಯ ಹಾಗೆ ಎದ್ದು ಬರುತ್ತದೆ. ನನಗೆ ಈ ಕೆಲಸದಲ್ಲಿ ಖುಷಿ ಕೊಡುವ ಗಳಿಗೆ ಅದೊಂದೇ. ಬಾರದಿದ್ದರೆ ಮತ್ತೆ ಬಟ್ಟೆ, ಮತ್ತೆ ಕಾರ್ಡ್. ಪಿಯು ನೆಲವೆಂದು ಖಾತ್ರಿ ಆಗಿದ್ದರೆ ಮಾತ್ರ ಹತ್ತಿಕಡ್ಡಿಯಲ್ಲಿ ಸ್ಪಿರಿಟ್, ಅದೂ ಹನಿಯ ಮೇಲೆ ಮಾತ್ರ. ಕೂಡಲೇ ಒರೆಸಿಬಿಡಿ.

ಕಿಟಕಿ, ಗ್ರಿಲ್‌ಗೆ ಹೊಡೆಯುವ ಆಯಿಲ್ ಪೇಂಟ್ ಹಠಮಾರಿ. ಒಣಗಿದ ಮೇಲೆ ಅದಕ್ಕೆ ನೀರೂ ಸೋಪೂ ಲೆಕ್ಕಕ್ಕಿಲ್ಲ. ಹೇರ್ ಡ್ರೈಯರ್‌ನ ಕಡಿಮೆ ಬಿಸಿ, ಒಂದು ಗೇಣು ದೂರದಿಂದ, ಆಡಿಸುತ್ತಾ ಇರಬೇಕು. ಮೆತ್ತಗಾದಾಗ ಕಾರ್ಡ್. ಉಳಿದ ತೆಳು ಪದರಕ್ಕೆ ಟರ್ಪೆಂಟೈನ್ ಬಟ್ಟೆ. ಅದು ಮೇಣವನ್ನೂ ತೆಗೆಯುತ್ತದೆ, ಹಾಗಾಗಿ ಮೇಣದ ನೆಲವಾದರೆ ಆ ಜಾಗಕ್ಕೆ ಮತ್ತೆ ಮೇಣ ತಿಕ್ಕಬೇಕು. ಅರಗಿನ ನೆಲಕ್ಕೆ ಡ್ರೈಯರ್ ಬೇಡವೇ ಬೇಡ, ಅರಗು ಬಿಸಿಗೆ ಮೆತ್ತಗಾಗುತ್ತದೆ. ಮತ್ತೆ, ಸ್ಪಿರಿಟ್ ಅಥವಾ ಟರ್ಪೆಂಟೈನ್ ಬಾಟ್ಲಿ ತೆರೆದಿರುವಾಗ ಡ್ರೈಯರ್ ಹಾಕಬೇಡಿ. ದೇವರ ದೀಪ ಆರಿಸಿ, ಕಿಟಕಿ ತೆಗೆದಿಡಿ.

ಹಳೇ ಮನೆಗಳಲ್ಲಿ ಕೆಲವು ಹನಿ ಬಣ್ಣದ್ದಲ್ಲ, ಸುಣ್ಣದ್ದು. ಅದಕ್ಕೆ ನೀರು ಬೆರೆಸಿದ ವಿನೆಗರ್ ಒಂದು ತೊಟ್ಟು ಸಾಕು. ಸಣ್ಣಗೆ ನೊರೆ ಬಂದು ಬಿಡುತ್ತದೆ, ತಕ್ಷಣ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ. ಹಲಗೆಗಳ ಸಂದಿಯಲ್ಲಿ ಸಿಕ್ಕಿದ ಬಣ್ಣಕ್ಕೆ ಹಿಡಿಸೂಡಿಯ ಕಡ್ಡಿಯಷ್ಟು ಒಳ್ಳೆಯ ಹತಾರು ನನಗೆ ಸಿಕ್ಕಿಲ್ಲ. ಸಂದಿಗೆ ಇಳಿಯುತ್ತದೆ, ಗೀರುವುದಿಲ್ಲ, ದುಡ್ಡೂ ಇಲ್ಲ.

ಎಷ್ಟೋ ವರ್ಷ ಹಿಂದೆ ಬಿದ್ದ ಆಯಿಲ್ ಪೇಂಟ್ ಹನಿಗೆ ಉಪ್ಪು ಕಾಗದ ಹಿಡಿಯಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣದ ಹುಡಿಯಲ್ಲಿ ಸೀಸ ಇರಬಹುದು, ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಂತೂ ಅದು ಬೇಡ. ಅಂಥ ಹಳೇ ಹನಿಗೆ ಬಿಸಿಯೂ ಬೇಡ. ಒದ್ದೆ ಮಾಡಿಯೇ ಕೆರೆಯಿರಿ, ಬಟ್ಟೆ ಎಸೆದುಬಿಡಿ. ಪುಟ್ಟಿ ಬ್ಲೇಡು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಯಾವ ನೆಲಕ್ಕೂ ಬೇಡ.

ಬಿಜೈಯ ಮನೆಯಲ್ಲಿ ಮೂರು ಹನಿ ನಾನು ತೆಗೆಯಲೇ ಇಲ್ಲ. ಮರದ ಎಳೆಯೊಳಗೆ ಇಳಿದಿದ್ದವು, ಇನ್ನೂ ತಿಕ್ಕಿದ್ದರೆ ಪಾಲಿಶ್ ಏಳುತ್ತಿತ್ತು. ತೋರಿಸಿದೆ. ಅವರು ಕೂತು ನೋಡಿದರು, ನಿಂತು ನೋಡಿದರು. "ಸೋಫಾ ಅರ್ಧ ಅಡಿ ಈಚೆ ಎಳೆದ್ರೆ ಆಯ್ತಲ್ಲ?" ಅಂದರು. ನಾನೂ ಅವರ ಮಗನೂ ಸೇರಿ ಎಳೆದೆವು. ಎಳೆಯುವ ಮೊದಲು ಕಾಲಿನಡಿಗೆ ಬಟ್ಟೆ ಇಟ್ಟುಕೊಂಡೆವು.