ಸಾಫ್ಟ್‌ವೇರ್ ಲೈಸೆನ್ಸ್: ಸಂಸ್ಥೆಗಳು ಇಡಬೇಕಾದ ಲೆಕ್ಕ

ಸಾಫ್ಟ್‌ವೇರ್‌ಗೆ ಹಣ ಕೊಟ್ಟ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಹಕ್ಕುಸ್ವಾಮ್ಯ ಸಾಮಾನ್ಯವಾಗಿ ತಯಾರಕರಲ್ಲೇ ಉಳಿಯುತ್ತದೆ. ನಮಗೆ ಸಿಗುವುದು ಷರತ್ತುಬದ್ಧ ಬಳಕೆಯ ಅನುಮತಿ. ಅದೇ ಲೈಸೆನ್ಸ್. ಯಾರು, ಎಷ್ಟು ಜನ, ಯಾವ ಯಂತ್ರದಲ್ಲಿ, ಎಷ್ಟು ಕಾಲ ಬಳಸಬಹುದು ಎಂಬುದೆಲ್ಲ ಅದರಲ್ಲಿರುತ್ತದೆ.

ಲೈಸೆನ್ಸ್ ಓದುವಾಗ ಬೆಲೆಗಿಂತ ಮೊದಲು ನೋಡಬೇಕಾದದ್ದು ಏನನ್ನು ಎಣಿಸುತ್ತಾರೆ ಎಂಬುದನ್ನು. ಸಂಸ್ಥೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂದು ನನ್ನ ಅನಿಸಿಕೆ. ಕೆಲವು ಲೈಸೆನ್ಸುಗಳು ಹೆಸರು ನಮೂದಾದ ಬಳಕೆದಾರರನ್ನು ಎಣಿಸುತ್ತವೆ, ಕೆಲವು ಯಂತ್ರಗಳನ್ನು, ಇನ್ನು ಕೆಲವು ಒಂದೇ ಹೊತ್ತಿಗೆ ಲಾಗಿನ್ ಆಗಿರುವವರನ್ನು. ಸರ್ವರ್ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರ್ ಕೋರ್‌ಗಳ (ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಘಟಕಗಳ) ಲೆಕ್ಕವೂ ಸಾಮಾನ್ಯ. ಹಾಗಾಗಿ ಹೆಚ್ಚು ಕೋರ್‌ಗಳ ಹೊಸ ಸರ್ವರ್ ತಂದಾಗ, ಸಾಫ್ಟ್‌ವೇರ್ ಹಳೆಯದೇ ಆಗಿದ್ದರೂ ಲೈಸೆನ್ಸ್ ಸಾಲದೆ ಹೋಗಬಹುದು. ಎಣಿಕೆಯ ಕ್ರಮವೇ ಬದಲಾಗುವುದೂ ಉಂಟು. 2023ರ ಜನವರಿಯಲ್ಲಿ ಒರಾಕಲ್ ಕಂಪನಿ ತನ್ನ ಜಾವಾ ಎಸ್‌ಇ (ಜಾವಾ ಭಾಷೆಯ ಪ್ರೋಗ್ರಾಮ್ ಬರೆಯಲು, ನಡೆಸಲು ಬೇಕಾದ ಸಾಫ್ಟ್‌ವೇರ್) ಚಂದಾದ ದರವನ್ನು ಸಂಸ್ಥೆಯ ಒಟ್ಟು ಉದ್ಯೋಗಿಗಳ ಸಂಖ್ಯೆಗೆ ಜೋಡಿಸಿತು; ಜಾವಾ ಮುಟ್ಟದವರೂ ಲೆಕ್ಕಕ್ಕೆ ಬಂದರು.

ಲೈಸೆನ್ಸ್ ನಿರ್ವಹಣೆ ಎಂದರೆ ಮೂರು ಪಟ್ಟಿಗಳನ್ನು ತಾಳೆ ನೋಡುವ ಕೆಲಸ: ಖರೀದಿಸಿದ್ದೆಷ್ಟು, ಇನ್‌ಸ್ಟಾಲ್ ಆಗಿರುವುದೆಷ್ಟು, ನಿಜಕ್ಕೂ ಬಳಕೆಯಾಗುತ್ತಿರುವುದೆಷ್ಟು. ಖರೀದಿಗಿಂತ ಇನ್‌ಸ್ಟಾಲ್ ಹೆಚ್ಚಿದ್ದರೆ ಆಡಿಟ್‌ನಲ್ಲಿ ಸಿಕ್ಕಿಬೀಳುವ ಅಪಾಯ; ಅನೇಕ ಒಪ್ಪಂದಗಳಲ್ಲಿ ತಪಾಸಣೆಯ ಹಕ್ಕನ್ನು ಮಾರಾಟಗಾರರು ಉಳಿಸಿಕೊಂಡಿರುತ್ತಾರೆ. ಬಳಕೆ ತೀರ ಕಡಿಮೆಯಿದ್ದರೆ ಹಣ ಪೋಲು. ಕೆಲಸ ಬಿಟ್ಟವರ ಖಾತೆಗೆ ತಿಂಗಳುಗಟ್ಟಲೆ ಚಂದಾ ಕಟ್ಟುವುದು ಹೀಗೆಯೇ. ಆದ್ದರಿಂದ ಈ ಹೊಣೆ ಐಟಿ ವಿಭಾಗವೊಂದರದ್ದೇ ಆಗಕೂಡದು. ಖರೀದಿ ಮತ್ತು ಮಾನವ ಸಂಪನ್ಮೂಲ ವಿಭಾಗಗಳೂ ಕೈಜೋಡಿಸಬೇಕು. ಇದಕ್ಕೆಂದೇ ಐಎಸ್ಒ/ಐಇಸಿ 19770 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಸರಣಿಯಿದೆ.

ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಎಲ್ಲರಿಗೂ ತೆರೆದಿರುವ, ಉಚಿತವಾಗಿ ಸಿಗುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಇದೆಲ್ಲ ಬೇಡ ಎಂದುಕೊಳ್ಳುವವರಿದ್ದಾರೆ. ಅದಕ್ಕೂ ಲೈಸೆನ್ಸ್ ಇದೆ, ಪಾಲಿಸಬೇಕಾದ ಷರತ್ತುಗಳೂ ಇವೆ. ಎಂಐಟಿ ಲೈಸೆನ್ಸ್ ಕೇಳುವುದು ಅಲ್ಪ: ಹಕ್ಕುಸ್ವಾಮ್ಯದ ಸೂಚನೆಯನ್ನೂ ಲೈಸೆನ್ಸ್ ಪಠ್ಯವನ್ನೂ ಜೊತೆಗಿಡಿ ಎಂದಷ್ಟೆ. ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಅಡಿಯ ಪ್ರೋಗ್ರಾಮನ್ನು ಮಾರ್ಪಡಿಸಿ ಹೊರಗಿನವರಿಗೆ ಹಂಚಿದರೆ ಅವರಿಗೆ ಸೋರ್ಸ್ ಕೋಡ್ ಕೂಡ ಸಿಗುವಂತಿರಬೇಕು; ಸಂಸ್ಥೆಯೊಳಗೇ ಬಳಸಿಕೊಂಡರೆ ಆ ಬಾಧ್ಯತೆಯಿಲ್ಲ. ಅದರದೇ ಇನ್ನೊಂದು ರೂಪವಾದ ಎಜಿಪಿಎಲ್ (ಅಫೆರೊ ಜಿಪಿಎಲ್) ಇನ್ನೂ ಬಿಗಿ. 2007ರಲ್ಲಿ ಬಂದ ಅದರ 3ನೇ ಆವೃತ್ತಿಯ ಪ್ರಕಾರ, ಮಾರ್ಪಡಿಸಿದ ಪ್ರೋಗ್ರಾಮನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಕೋಡ್ ಒದಗಿಸಬೇಕು. ಈ ವ್ಯತ್ಯಾಸ ಉತ್ಪನ್ನ ಬಿಡುಗಡೆಯಾದ ಮೇಲೆ ಗೊತ್ತಾದರೆ ಕೋಡ್ ಬಿಚ್ಚಿ ಮತ್ತೆ ಬರೆಯುವ ಪಾಡು ಬರುತ್ತದೆ. ಹೊರಗಿನ ಲೈಬ್ರರಿಯೊಂದನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು) ಸೇರಿಸುವ ದಿನವೇ ಅದರ ಲೈಸೆನ್ಸ್ ಯಾವುದೆಂದು ಬರೆದಿಡುವುದು ಡೆವಲಪರ್‌ಗಳಿಗೆ ರೂಢಿಯಾಗಬೇಕು.