ಹಳೇ ಇಂಟರ್ನೆಟ್ ನಿಜವಾಗ್ಲೂ ಚೆನ್ನಾಗಿತ್ತಾ?

ಪ್ರಶ್ನೆ: ನಾನು ಚಿಂತಾಮಣಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ನಮ್ಮ ಸೋದರಮಾವ ಮಾತೆತ್ತಿದರೆ "ನಮ್ಮ ಕಾಲದ ಇಂಟರ್ನೆಟ್ಟೇ ಚೆನ್ನಾಗಿತ್ತು" ಅನ್ನುತ್ತಾರೆ. ಒಂದು ಫೋಟೋ ಕಾಣಿಸೋಕೆ ನಿಮಿಷಗಟ್ಟಲೆ ಕಾಯಬೇಕಿತ್ತು ಅಂತಲೂ ಅವರೇ ಹೇಳುತ್ತಾರೆ. ಹಾಗಿದ್ದ ಮೇಲೆ ಅದು ಚೆನ್ನಾಗಿತ್ತು ಅನ್ನೋದು ಹೇಗೆ? ವೇಗ ಬಿಟ್ಟರೆ ಬೇರೆ ಏನು ಬದಲಾಗಿದೆ?

ಉತ್ತರ: ನಿಮ್ಮ ಮಾವ ಹೇಳುವುದರಲ್ಲಿ ಅರ್ಧ ನಿಜ ಇದೆ. ವೇಗದ ವಿಷಯಕ್ಕೆ ಬಂದರೆ ಹಳೆಯದನ್ನು ಹೊಗಳಲು ಏನೂ ಇಲ್ಲ. ಕನ್ನಡದ ವಿಷಯಕ್ಕೆ ಬಂದರಂತೂ ಏನೇನೂ ಇಲ್ಲ. ಆದರೆ ಎಷ್ಟು ಹೊತ್ತು ನೋಡಬೇಕು, ಏನನ್ನು ನೋಡಬೇಕು ಅನ್ನುವುದು ಆಗ ನೋಡುವವರ ಕೈಯಲ್ಲಿತ್ತು. ಅದು ಹೇಗೆ ಕೈತಪ್ಪಿತು ಅನ್ನೋದೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಸರ್ಕಾರದ ವಿಎಸ್‌ಎನ್‌ಎಲ್ ಅವತ್ತು ಸೇವೆ ಶುರು ಮಾಡಿತು, ಅದೂ ದೊಡ್ಡ ನಗರಗಳಲ್ಲಿ ಮಾತ್ರ. ಅದಕ್ಕೂ ಮೊದಲು ಅರ್ನೆಟ್ ಅನ್ನುವ ಜಾಲವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಓದುವವರಿಗೆ, ಸಂಶೋಧನೆ ಮಾಡುವವರಿಗೆ ಅದು ಸಿಗುತ್ತಿತ್ತು. 1998ರಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಆಮೇಲೆ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಸೈಬರ್ ಕೆಫೆ ಬೋರ್ಡುಗಳು ಎದ್ದವು.

ಆಗಿನ ಸಂಪರ್ಕ ಬರುತ್ತಿದ್ದುದು ಮನೆಯ ಲ್ಯಾಂಡ್‌ಲೈನ್ ಫೋನಿನ ತಂತಿಯಲ್ಲೇ. ಆ ತಂತಿ ಮನುಷ್ಯರ ಮಾತು ಸಾಗಿಸಲು ಎಳೆದದ್ದು. ಹಾಗಾಗಿ ಕಂಪ್ಯೂಟರಿನ ಮಾಹಿತಿಯನ್ನೂ ಶಬ್ದವಾಗಿ ಬದಲಾಯಿಸಿ ಕಳಿಸಬೇಕಿತ್ತು. ಆ ಕೆಲಸ ಮೋಡೆಮ್‌ನದು. ನಂಬರ್ ಡಯಲ್ ಆದ ಮೇಲೆ ಕೀಚ್ ಕೀಚ್, ಗರ್ ಗರ್ ಅಂತ ಸದ್ದು ಬರುತ್ತಿತ್ತಲ್ಲ, ನಿಮ್ಮ ಮಾವನನ್ನು ಕೇಳಿದರೆ ಅನುಕರಣೆ ಮಾಡಿ ತೋರಿಸಿಯಾರು. ಈ ಕಡೆಯ ಮೋಡೆಮ್, ಆ ಕಡೆಯ ಮೋಡೆಮ್ ಎರಡೂ ಸೇರಿ ಯಾವ ವೇಗದಲ್ಲಿ ಮಾತಾಡೋಣ ಅಂತ ಗೊತ್ತು ಮಾಡಿಕೊಳ್ಳುತ್ತಿದ್ದ ಸದ್ದು ಅದು. ಇಂಟರ್ನೆಟ್ ಓಡುತ್ತಿರುವಷ್ಟು ಹೊತ್ತು ಮನೆಗೆ ಫೋನ್ ಮಾಡಿದವರಿಗೆ ಎಂಗೇಜ್ ಟೋನು.

ಅದರ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಈಗಿನ ಫೋನಿನಲ್ಲಿ ತೆಗೆದ 5 ಎಂಬಿಯ ಒಂದು ಫೋಟೋ ಆ ತಂತಿಯಲ್ಲಿ ಬರಲು, ಲೈನ್ ಅಷ್ಟೂ ಚೆನ್ನಾಗಿದ್ದರೂ, 12 ನಿಮಿಷ ಹಿಡಿಯುತ್ತದೆ. ಲೈನ್ ಅಷ್ಟು ಚೆನ್ನಾಗಿ ಇರುತ್ತಿದ್ದುದೇ ಅಪರೂಪ. ಆಗಿನ ಜನಪ್ರಿಯ ಇಮೇಲ್ ಸೇವೆ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದ ಜಾಗವೇ 2 ಎಂಬಿ. ಅಂದರೆ ಆ ಫೋಟೋ ಇಡೋಕೂ ಅಲ್ಲಿ ಜಾಗ ಇರಲಿಲ್ಲ.

ಈಗ ಸೈಬರ್ ಕೆಫೆಗೆ ಬನ್ನಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಇಂಥವು ಬೇಕಾದಷ್ಟಿದ್ದವು. ಪ್ಲೈವುಡ್ ಹೊಡೆದು ಮಾಡಿದ ಸಣ್ಣ ಸಣ್ಣ ಕ್ಯಾಬಿನ್, ಒಳಗೆ ದಪ್ಪ ಮಾನಿಟರ್, ಕರೆಂಟ್ ಹೋದರೆ ಕಿರುಚಿಕೊಳ್ಳುವ ಯುಪಿಎಸ್. ಕೌಂಟರಿನಲ್ಲಿ ನೋಟ್‌ಬುಕ್. ಒಳಗೆ ಹೋದ ಟೈಮ್, ಹೊರಗೆ ಬಂದ ಟೈಮ್ ಬರೆಯಲೇಬೇಕು, ಯಾಕೆಂದರೆ ದುಡ್ಡು ಗಂಟೆ ಲೆಕ್ಕ. ಪ್ರಿಂಟ್‌ಔಟ್‌ಗೆ ಬೇರೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಬಾಗಿಲ ಹೊರಗೆಲ್ಲ ಜನ. ಇಡೀ ರಾಜ್ಯ ಒಂದೇ ವೆಬ್‌ಸೈಟಿಗೆ ಮುಗಿಬಿದ್ದು ಅದು ಸಿಕ್ಕಿಹಾಕಿಕೊಂಡಿರುತ್ತಿತ್ತು. ಕೆಫೆಯವರು ಮಕ್ಕಳ ರಿಜಿಸ್ಟರ್ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪುಟ ತೆರೆದಾಗಲೆಲ್ಲ ಒಂದೊಂದೇ ಹೊಡೆದು, ಅಂಕಪಟ್ಟಿ ಪ್ರಿಂಟ್ ತೆಗೆದು ಹೆಸರು ಕೂಗುತ್ತಿದ್ದರು.

ಗಂಟೆ ಲೆಕ್ಕದ ದುಡ್ಡು ನಮ್ಮ ನಡವಳಿಕೆಯನ್ನೇ ರೂಪಿಸಿತ್ತು. ಸಂತೆಗೆ ಹೊರಟವರು ಚೀಟಿ ಬರೆದುಕೊಂಡ ಹಾಗೆ, ಏನೇನು ನೋಡಬೇಕು ಅಂತ ಮೊದಲೇ ಬರೆದುಕೊಂಡು ಹೋಗುತ್ತಿದ್ದರು. ಮೇಲ್ ನೋಡು, ಸಿಇಟಿ ಕೌನ್ಸೆಲಿಂಗ್ ದಿನಾಂಕ ನೋಡು, ಪ್ರಿಂಟ್ ತೆಗಿ, ಎದ್ದು ಬಾ. ಪುಟಗಳಿಗೂ ಒಂದು ಕೊನೆ ಇರುತ್ತಿತ್ತು. ಕೆಳಗೆ 1, 2, 3 ಅಂತ ಅಂಕಿ. ಮುಂದಕ್ಕೆ ಹೋಗಬೇಕಾ ಬೇಡವಾ ಅಂತ ಅಲ್ಲಿ ನಿಂತು ಯೋಚಿಸಬಹುದಿತ್ತು.

ಈಗ ಲೆಕ್ಕ ಪೂರ್ತಿ ತಿರುಗಿಬಿದ್ದಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ನಾವು ಜಾಸ್ತಿ ಹೊತ್ತು ಕೂತರೆ ನಮ್ಮ ಜೇಬಿಗೆ ಹೊರೆಯಾಗುವುದಿಲ್ಲ. ಆದರೆ ಆ್ಯಪ್ ನಡೆಸುವ ಕಂಪನಿಗೆ ಲಾಭ, ಯಾಕೆಂದರೆ ಅವರ ಆದಾಯ ಜಾಹೀರಾತಿನಿಂದ. ನೋಡಿದಷ್ಟೂ ಜಾಹೀರಾತು ತೋರಿಸಬಹುದು. ವೆಬ್ ಜಾಹೀರಾತು ಹೊಸದೇನಲ್ಲ, 1994ರಲ್ಲೇ ಶುರುವಾಗಿತ್ತು. ಹೊಸದು ಅಂದರೆ ನಮ್ಮನ್ನು ಹಿಡಿದು ಕೂರಿಸುವ ವ್ಯವಸ್ಥೆ. 2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಿತು. ಅಲ್ಲಿಯವರೆಗೆ ಗೆಳೆಯರ ಸುದ್ದಿ ಬೇಕಿದ್ದರೆ ಒಬ್ಬೊಬ್ಬರ ಪುಟಕ್ಕೂ ನಾವೇ ಹೋಗಬೇಕಿತ್ತು. ಆಮೇಲೆ ಸುದ್ದಿಯೇ ನಮ್ಮ ಮುಂದೆ ಬಂದು ಬೀಳತೊಡಗಿತು. ಕೊನೆಯೇ ಇಲ್ಲದ ಸ್ಕ್ರೋಲ್ ಬಂದಿದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಈಗಿನ ರೀಲ್ಸ್‌ನಲ್ಲಿ ಗೆಳೆಯರೂ ಬೇಕಾಗಿಲ್ಲ. ಯಾವ ವಿಡಿಯೋದ ಮೇಲೆ ನಿಮ್ಮ ಬೆರಳು ಎಷ್ಟು ಹೊತ್ತು ನಿಂತಿತು ಅನ್ನೋದನ್ನೂ ನೋಡಿಕೊಂಡು ಮುಂದಿನದನ್ನು ಯಂತ್ರವೇ ಆರಿಸುತ್ತದೆ. ಇದು ನನಗೆ ತುಂಬಾ ಬೇಜಾರು ತರುವ ಬದಲಾವಣೆ.

ಆದರೂ ಹಳೆಯದೇ ಬೇಕು ಅಂತ ನಾನು ಹೇಳಲ್ಲ. ಅದಕ್ಕೆ ದೊಡ್ಡ ಕಾರಣ ಕನ್ನಡ. ಆಗಿನ ಇಂಟರ್ನೆಟ್ ಇಂಗ್ಲಿಷ್ ಬಂದವರ ಸ್ವತ್ತು. 1996ರಲ್ಲೇ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ ಶುರು ಮಾಡಿದ್ದರು, 1998ರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ 'ಬರಹ' ತಂತ್ರಾಂಶ ಬಂತು. ಆದರೆ ಒಂದು ತೊಡಕಿತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿ ಫಾಂಟ್ ಮಾಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಕ್ರಮ. ಅದೇ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪರದೆ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಕೂತವರು ಫಾಂಟ್ ಇಳಿಸಿಕೊಂಡು ಓದುತ್ತಾರಾ? ಇನ್ನೊಂದು ನಷ್ಟ ಕಣ್ಣಿಗೆ ಬೀಳುತ್ತಿರಲಿಲ್ಲ. 'ಕೋಲಾರ' ಅಂತ ಕನ್ನಡದಲ್ಲಿ ಬರೆದರೂ ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಸಿಗುತ್ತಲೇ ಇರಲಿಲ್ಲ.

ಇದನ್ನು ಬಗೆಹರಿಸಿದ್ದು ಯುನಿಕೋಡ್. ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಪ್ರಪಂಚಕ್ಕೆಲ್ಲ ಒಂದೇ ಸಂಖ್ಯೆ. ಕಂಪ್ಯೂಟರಿನವರು ಬರೆಯುವ ರೀತಿಯಲ್ಲಿ ನಮ್ಮ 'ಕ' ಅಕ್ಷರದ್ದು 0C95. ಯಾವ ಫೋನಿನಲ್ಲಿ ಟೈಪ್ ಮಾಡಿದರೂ, ಯಾವ ದೇಶದಲ್ಲಿ ತೆರೆದರೂ ಅದು 'ಕ'ನೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡಕ್ಕೆ ಬೆಂಬಲ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಕನ್ನಡ ಕೀಬೋರ್ಡು ಫೋನಿಗೆ ಬಂದ ಮೇಲಂತೂ ಕಂಪ್ಯೂಟರ್ ಮುಟ್ಟದವರೂ ಬರೆಯತೊಡಗಿದರು. ಮುಳಬಾಗಿಲು ಕಡೆಯ ರೈತರೊಬ್ಬರು ಬೆಳಗ್ಗೆ ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ ವಾಟ್ಸಾಪ್‌ನಲ್ಲಿ ನೋಡಿಕೊಂಡು, ಇವತ್ತೇ ಕೀಳಿಸೋದಾ ನಾಳೆಗಾ ಅಂತ ತೀರ್ಮಾನ ಮಾಡಬಹುದು. ಸೈಬರ್ ಕೆಫೆ ಕಾಲದಲ್ಲಿ ಇದು ಆಗದ ಮಾತು. ಪಹಣಿಯೂ ಅಷ್ಟೇ. ಮೊದಲು ಕೈಬರಹದ ಪುಸ್ತಕದಲ್ಲಿತ್ತು. ಭೂಮಿ ಯೋಜನೆ ಬಂದ ಮೇಲೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಕಂಪ್ಯೂಟರ್ ಪ್ರಿಂಟ್ ಸಿಗತೊಡಗಿತು. ಈಗ ಸರ್ವೆ ನಂಬರ್ ಹಾಕಿ ಹೊಲದ ಬದುವಿನ ಮೇಲೆ ನಿಂತೇ ನೋಡಬಹುದು.

ಮೋಸ ಆಗಲೂ ಇತ್ತು, ಲಾಟರಿ ಬಂದಿದೆ ಅನ್ನೋ ಮೇಲ್‌ಗಳು. ಈಗ ಬ್ಯಾಂಕ್ ಖಾತೆಯೇ ಫೋನಿನಲ್ಲಿ ಇರುವುದರಿಂದ ಪೆಟ್ಟು ದೊಡ್ಡದು. ದುಡ್ಡು ಹೋದ ತಕ್ಷಣ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಇನ್ನು, ಏನು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಅನ್ನುವ ಆಯ್ಕೆಯನ್ನು ಮತ್ತೆ ನಮ್ಮ ಕೈಗೆ ತಂದುಕೊಳ್ಳಬಹುದಾ? ಸ್ವಲ್ಪ ಮಟ್ಟಿಗೆ ಆಗುತ್ತದೆ. ಯೂಟ್ಯೂಬ್‌ನಿಂದಲೇ ಶುರು ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ವಾಚ್ ಹಿಸ್ಟರಿಯನ್ನು ಅಳಿಸಿ, ಆಫ್ ಮಾಡಿ. ಆಟೋಪ್ಲೇ ಕೂಡ ಆಫ್ ಮಾಡಿ. ಆಮೇಲೆ ಆ್ಯಪ್ ತೆರೆದರೆ ಮೊದಲ ಪುಟದಲ್ಲಿ ವಿಡಿಯೋಗಳ ರಾಶಿ ಇರುವುದಿಲ್ಲ. ಏನು ಬೇಕೋ ಅದನ್ನು ನೀವೇ ಟೈಪ್ ಮಾಡಿ ಹುಡುಕಬೇಕು. ನೀವು ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳ ವಿಡಿಯೋಗಳು ಸಬ್‌ಸ್ಕ್ರಿಪ್ಷನ್ಸ್ ಅನ್ನುವ ಕಡೆ ಎಂದಿನಂತೆ ಸಿಗುತ್ತವೆ. ಪರೀಕ್ಷೆ ಹತ್ತಿರ ಇದ್ದರೆ ಇವತ್ತೇ ಮಾಡಿ ನೋಡಿ. ಬೇಡ ಅನ್ನಿಸಿದರೆ ಅದೇ ಜಾಗದಲ್ಲಿ ಮತ್ತೆ ಆನ್ ಮಾಡಿಕೊಳ್ಳಬಹುದು.